ಅಳಿಸಬಹುದಾದ ಬರಹ, ಅಳಿಸಲಾಗದ ಬರಹ

2024ರ ಏಪ್ರಿಲ್ 26ರಂದು ಕಡೂರು ತಾಲ್ಲೂಕಿನ ಪಂಚನಹಳ್ಳಿಯ ಮತದಾರರು ಲೋಕಸಭಾ ಚುನಾವಣೆಯಲ್ಲಿ ಮತ ಚಲಾಯಿಸಿದರು. ಊರು ಚಿಕ್ಕಮಗಳೂರು ಜಿಲ್ಲೆಯದಾದರೂ ಅಲ್ಲಿಯ ಮತಗಳು ಹಾಸನ ಕ್ಷೇತ್ರದ ಲೆಕ್ಕಕ್ಕೆ ಸೇರುತ್ತವೆ. ಗುಂಡಿಯನ್ನು ಒತ್ತಿದೊಡನೆ ಪಕ್ಕದ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನ ಹಿಂದೆ ಚೀಟಿಯೊಂದು ಏಳು ಸೆಕೆಂಡುಗಳ ಕಾಲ ಕಾಣಿಸಿಕೊಂಡು ಕೆಳಗೆ ಬೀಳುತ್ತದೆ. ಅದೇ ದಿನ ದೆಹಲಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ಯಂತ್ರವನ್ನು ಕುರಿತು ತೀರ್ಪು ನೀಡಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬುದು ಅರ್ಜಿದಾರರ ಬೇಡಿಕೆಯಾಗಿತ್ತು. ಆ ಬೇಡಿಕೆಯ ಹಿಂದೆ ಒಂದು ಸಂದೇಹವಿತ್ತು: ಯಂತ್ರದೊಳಗಿನ ಬರಹವನ್ನು ಯಾರಾದರೂ ತಿದ್ದಿಬಿಟ್ಟರೆ?

ಯಂತ್ರದೊಳಗೂ ಬರಹವಿರುತ್ತದೆ. ಮತಯಂತ್ರವಾಗಲಿ, ಬಟ್ಟೆ ಒಗೆಯುವ ಯಂತ್ರವಾಗಲಿ, ಒಳಗಿರುವ ಪುಟ್ಟ ಚಿಪ್ಪು ಯಾವಾಗ ಏನು ಮಾಡಬೇಕೆಂಬ ಆಜ್ಞೆಗಳ ಸರಣಿಯೊಂದು ಅದರಲ್ಲಿ ಅಡಗಿರುತ್ತದೆ. ವಿದ್ಯುತ್ತು ನಿಂತರೂ ಅಳಿಯದೆ ನೆಲೆನಿಂತಿರುವ ಈ ಆಜ್ಞಾಸರಣಿಗೆ ಫರ್ಮ್‌ವೇರ್ ಎಂದು ಹೆಸರು. ಇದನ್ನು ತಿದ್ದುವುದೆಂದರೇನೆಂದು ತಿಳಿಯಬೇಕಾದರೆ ತಿದ್ದುವುದಕ್ಕೆಂದೇ ತೆರೆದಿಟ್ಟಿರುವ ಒಂದು ಉಪಕರಣವನ್ನು ಮೊದಲು ನೋಡುವುದು ಒಳ್ಳೆಯದು.

ಅದರ ಹೆಸರು ಬಸ್ ಪೈರೇಟ್. ಹೆಸರು ಕಡಲ್ಗಳ್ಳನನ್ನು ನೆನಪಿಗೆ ತಂದರೂ ಕೆಲಸ ದುಭಾಷಿಯದು. ಬೆಂಕಿಪೊಟ್ಟಣದಷ್ಟು ಚಿಕ್ಕದಾದ ಈ ಫಲಕವನ್ನು ಇಯಾನ್ ಲೆಸ್ನೆಟ್ ಎಂಬವರು 2008ರಲ್ಲಿ ಬೆಳಕಿಗೆ ತಂದರು. ಇದರ ಒಂದು ಕೊನೆಯನ್ನು ಕಂಪ್ಯೂಟರಿಗೂ ಮತ್ತೊಂದು ಕೊನೆಯ ತಂತಿಗಳನ್ನು ಪರೀಕ್ಷಿಸಬೇಕಾದ ಚಿಪ್ಪಿಗೂ ಜೋಡಿಸುತ್ತಾರೆ. ಕೀಲಿಮಣೆಯಲ್ಲಿ ಟೈಪು ಮಾಡಿದ ಆಜ್ಞೆಯನ್ನು ಅದು ಚಿಪ್ಪಿನ ಭಾಷೆಗೆ ತಿರುಗಿಸಿ, ಚಿಪ್ಪು ಕೊಟ್ಟ ಉತ್ತರವನ್ನು ಪರದೆಯ ಮೇಲೆ ತೋರಿಸುತ್ತದೆ. ಚಿಪ್ಪುಗಳ ಭಾಷೆಗಳು ಹಲವು. ಹೊಸದೊಂದನ್ನು ಕಲಿಸಬೇಕಾದಾಗ ಹೊಸ ಫಲಕವನ್ನು ಕೊಳ್ಳಬೇಕಾಗಿಲ್ಲ, ಫರ್ಮ್‌ವೇರನ್ನು ಹೊಸದಾಗಿ ಬರೆದರೆ ಸಾಕಾಗಬಹುದು.

ಅದರ ಮೂರನೆಯ ಆವೃತ್ತಿಯಲ್ಲಿ ಈ ಕೆಲಸ ನಡೆಯುವುದು ಹೀಗೆ. ಮೊದಲು 'ಐ' ಎಂಬ ಅಕ್ಷರವನ್ನೊತ್ತಿ ಈಗಿರುವ ಫರ್ಮ್‌ವೇರ್ ಯಾವುದೆಂದು ಕೇಳಿ ತಿಳಿಯಬೇಕು. ಬಳಿಕ ಡಾಲರ್ ಚಿಹ್ನೆಯ ಆಜ್ಞೆಯನ್ನು ಕೊಟ್ಟೋ, ಫಲಕದ ಮೇಲಿನ ಎರಡು ಗೊತ್ತಾದ ಮೊಳೆಗಳನ್ನು ತಂತಿಯಿಂದ ಕೂಡಿಸಿಯೋ ಅದನ್ನು ಬರಹ ಸ್ವೀಕರಿಸುವ ಸ್ಥಿತಿಗೆ ತರಬೇಕು. ಆಜ್ಞೆ ಕೊಡಲು ತೆರೆದಿದ್ದ ಕಿಟಕಿಯನ್ನು ಮುಚ್ಚಲು ಹಲವರು ಮರೆಯುತ್ತಾರೆ. ಅದು ದಾರಿಯನ್ನು ಹಿಡಿದುಕೊಂಡಿರುವ ತನಕ ಹೊಸ ಬರಹ ಒಳಹೋಗಲಾರದು.

ಆ ಬರಹ ಸಾಲುಸಾಲಾಗಿ ಹೋಗುತ್ತದೆ. ಪ್ರತಿ ಸಾಲಿನ ಕೊನೆಯಲ್ಲಿಯೂ ತಾಳೆ ನೋಡುವ ಸಂಖ್ಯೆಯೊಂದಿರುತ್ತದೆ. ಕಡತದ ಕಟ್ಟಕಡೆಯ ಸಾಲನ್ನೇ ನೋಡಬಹುದು: ಅದರಲ್ಲಿರುವ ಸಂಖ್ಯೆಗಳು 0, 0, 0, 1, ಕೊನೆಯದು 255. ಕೂಡಿದರೆ 256. 256ರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂದರೆ ಸಾಲು ಸರಿಯಾಗಿದೆ ಎಂದು ಲೆಕ್ಕ. ಸಾಗುವಾಗ ಒಂದೇ ಒಂದು ಸಂಖ್ಯೆ ಕೆಟ್ಟರೂ ಶೇಷ ಉಳಿಯುತ್ತದೆ.

ಆದರೆ ಹಳೆಯದನ್ನು ಅಳಿಸಿದ ಮೇಲೆಯೇ ಹೊಸದನ್ನು ಬರೆಯಬೇಕು. ನಡುವೆ ವಿದ್ಯುತ್ತು ಹೋದರೆ ಹಳೆಯದೂ ಇಲ್ಲ, ಹೊಸದೂ ಪೂರ್ತಿಯಾಗಲಿಲ್ಲ. ಈ ಗಂಡಾಂತರಕ್ಕೆಂದೇ ಚಿಪ್ಪಿನ ಒಂದು ಮೂಲೆಯಲ್ಲಿ ಬೂಟ್‌ಲೋಡರ್ ಎಂಬ ಚಿಕ್ಕ ಬರಹವನ್ನು ಬೇರೆಯಾಗಿ ಇಟ್ಟಿರುತ್ತಾರೆ. ಉಳಿದುದನ್ನೆಲ್ಲ ಅದು ಅಳಿಸಿ ಬರೆಯುತ್ತದೆ, ತನ್ನನ್ನು ಮಾತ್ರ ಮುಟ್ಟದು. ಅದು ಉಳಿದಿದ್ದರೆ ಮೊಳೆಗಳನ್ನು ಕೂಡಿಸಿ ಮತ್ತೆ ಮೊದಲಿನಿಂದ ಆರಂಭಿಸಬಹುದು. ಅದೂ ಕೆಟ್ಟರೆ ಬೇರೊಂದು ಯಂತ್ರದಿಂದ ಚಿಪ್ಪಿಗೆ ನೇರವಾಗಿ ಬರೆಯಬೇಕಾಗುತ್ತದೆ.

ಈಗ ಮತಗಟ್ಟೆಗೆ ಮರಳೋಣ. ಮತಯಂತ್ರಗಳನ್ನು ತಯಾರಿಸುವವರು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಎಂಬ ಎರಡು ಸರ್ಕಾರಿ ಸಂಸ್ಥೆಗಳು. 2004ರಲ್ಲಿ ದೇಶದ ಎಲ್ಲ ಲೋಕಸಭಾ ಕ್ಷೇತ್ರಗಳಿಗೂ ಈ ಯಂತ್ರಗಳು ಬಂದವು. ಚುನಾವಣಾ ಆಯೋಗ ಹೇಳುವಂತೆ ಇವುಗಳ ಆಜ್ಞಾಸರಣಿಯನ್ನು ತಯಾರಿಕೆಯ ಕಾಲದಲ್ಲಿಯೇ, ಒಮ್ಮೆ ಮಾತ್ರ ಬರೆಯಬಹುದಾದ ಸ್ಮೃತಿಯಲ್ಲಿ ಸುಟ್ಟು ಮೂಡಿಸಲಾಗುತ್ತದೆ. ಬಸ್ ಪೈರೇಟಿಗೆ ವರವಾದ ಗುಣವನ್ನು ಇಲ್ಲಿ ಬೇಕೆಂದೇ ಬಿಟ್ಟುಕೊಟ್ಟಿದ್ದಾರೆ. ತಪ್ಪೊಂದು ಉಳಿದುಹೋದರೂ ಅದನ್ನು ತಿದ್ದುವಂತಿಲ್ಲ, ಚಿಪ್ಪನ್ನೇ ಬದಲಿಸಬೇಕು. ಅಪರಿಚಿತ ಕೈ ಒಳಹೊಗದಿರಲೆಂದು ತೆತ್ತ ಬೆಲೆಯಿದು.

ಅಷ್ಟರಿಂದಲೇ ಸಂದೇಹ ತೀರಿತೆನ್ನಲಾಗದು. ಬರಹವನ್ನು ತಿದ್ದಲಾಗದಿದ್ದರೆ ಯಂತ್ರದ ಭಾಗವನ್ನೇ ಬದಲಿಸಬಹುದಲ್ಲವೆ? 2010ರಲ್ಲಿ ಸಂಶೋಧಕರ ತಂಡವೊಂದು ಹಳೆಯ ಮಾದರಿಯ ಯಂತ್ರದ ಅಂಕಿ ತೋರಿಸುವ ಫಲಕದ ಜಾಗದಲ್ಲಿ ಅದರಂತೆಯೇ ಕಾಣುವ ಬೇರೊಂದನ್ನು ಕೂರಿಸಿ, ಸುಳ್ಳು ಫಲಿತಾಂಶ ಬರುವಂತೆ ಮಾಡಿ ತೋರಿಸಿತು. ಆದುದರಿಂದ ಚಿಪ್ಪಿನ ಗುಣವೊಂದನ್ನೇ ನೆಚ್ಚದೆ ಮುದ್ರೆ, ಕಾವಲು, ಮತದಾನಕ್ಕೆ ಮುನ್ನ ಏಜೆಂಟರ ಎದುರಿನಲ್ಲಿ ಕನಿಷ್ಠ 50 ಮತಗಳ ಅಣಕು ಮತದಾನ, ಕಾಗದದ ಚೀಟಿ ಇವೆಲ್ಲವನ್ನೂ ಇಟ್ಟುಕೊಂಡಿದ್ದಾರೆ. ಆ ಚೀಟಿಯ ಪೆಟ್ಟಿಗೆಗೆ ಮಾತ್ರ ಪ್ರತಿ ಚುನಾವಣೆಯಲ್ಲಿಯೂ ಅಭ್ಯರ್ಥಿಗಳ ಹೆಸರು, ಚಿಹ್ನೆಗಳನ್ನು ಹೊರಗಿನಿಂದ ತುಂಬಲೇಬೇಕು.

ನ್ಯಾಯಾಲಯದ ಕಣ್ಣು ಬಿದ್ದುದು ಈ ಬಾಗಿಲಿನ ಮೇಲೆಯೂ ಹೌದು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ನ್ಯಾಯಮೂರ್ತಿಗಳಾದ ಸಂಜೀವ್ ಖನ್ನಾ ಮತ್ತು ದೀಪಂಕರ್ ದತ್ತ ಅವರ ಪೀಠವು ಒಪ್ಪಲಿಲ್ಲ. ಆದರೆ 2024ರ ಮೇ 1ರಿಂದಾಚೆಗೆ ಚಿಹ್ನೆ ತುಂಬಿದ ಉಪಕರಣಗಳಿಗೆ ಮುದ್ರೆ ಹಾಕಿ, ಫಲಿತಾಂಶ ಪ್ರಕಟವಾದ ಮೇಲೆ ಕನಿಷ್ಠ 45 ದಿನ ಕಾಪಾಡಬೇಕೆಂದು ಆದೇಶಿಸಿತು. ಎರಡನೆಯ ಅಥವಾ ಮೂರನೆಯ ಸ್ಥಾನ ಪಡೆದ ಅಭ್ಯರ್ಥಿ ಏಳು ದಿನಗಳೊಳಗೆ ಬರೆದು ಕೇಳಿದರೆ, ಪ್ರತಿ ವಿಧಾನಸಭಾ ಕ್ಷೇತ್ರದ ಶೇಕಡ 5ರಷ್ಟು ಯಂತ್ರಗಳ ಸುಟ್ಟು ಬರೆದ ಸ್ಮೃತಿಯನ್ನು ತಯಾರಕರ ಎಂಜಿನಿಯರುಗಳು ಪರೀಕ್ಷಿಸಬೇಕು. ವೆಚ್ಚ ಕೇಳಿದವರದು, ಯಂತ್ರವನ್ನು ತಿದ್ದಿದ್ದು ಕಂಡುಬಂದರೆ ಹಣವನ್ನು ಹಿಂದಿರುಗಿಸಲಾಗುತ್ತದೆ.