ಗರ್ಭಕೋಶ ತೆಗೆಸುವ ಮುನ್ನ
ಬಿಳಿಸೆರಗು ಹೋಗುತ್ತದೆ, ಮುಟ್ಟಿನಲ್ಲಿ ರಕ್ತ ಹೆಚ್ಚು ಎಂದ ಮಾತ್ರಕ್ಕೆ ಗರ್ಭಕೋಶ ತೆಗೆಸಬೇಕಿಲ್ಲ, ಅಕ್ಕ. ‘ಮಕ್ಕಳಾದವಲ್ಲ, ಇನ್ನೇಕೆ ಅದು’ ಎನ್ನುವವರಿಗೆ ಕಿವಿಗೊಡಬೇಡಿ. ಇರುವುದು ಬರೀ ಫೈಬ್ರಾಯ್ಡ್ ಗಡ್ಡೆಯೇ? ಮಾತ್ರೆಯಿಂದಲೋ ಹಾರ್ಮೋನ್ ವಂಕಿಯಿಂದಲೋ ರಕ್ತಸ್ರಾವ ಹತೋಟಿಗೆ ಬಂದೀತೇ? ಕೇಳಿ, ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನೂ ಕಾಣಿ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೆ ತನ್ನಿ ಎಂದು ಸುಪ್ರೀಂ ಕೋರ್ಟ್ 2023ರಲ್ಲೇ ರಾಜ್ಯಗಳಿಗೆ ಹೇಳಿದೆ.

ಅಂಡಾಶಯವನ್ನೂ ತೆಗೆಯುತ್ತಾರೆಯೇ ಎಂದು ಮರೆಯದೆ ವಿಚಾರಿಸಿ. ಮುಟ್ಟು ನಿಲ್ಲುವ ವಯಸ್ಸಿಗೆ ಮೊದಲೇ ಅದೂ ಹೋದರೆ ಮೈ ಬಿಸಿಯೇರಿ ಬೆವರುವುದು, ನಿದ್ದೆಗೇಡು ಒಮ್ಮೆಗೇ ಶುರು. ಮೂಳೆಯೂ ಬೇಗ ಸವೆಯುತ್ತದೆ. ಕ್ಯಾನ್ಸರ್ ಎಂದು ಖಚಿತವಾಗಿದ್ದರೆ ಮಾತ್ರ ತಡ ಮಾಡಬೇಡಿ.

ಆಪರೇಷನ್ ಆಯಿತೇ? ಆರು ವಾರದವರೆಗೆ ತುಂಬಿದ ಕೊಡ, ಗ್ಯಾಸ್ ಸಿಲಿಂಡರ್ ಎತ್ತುವ ಕೆಲಸ ಮನೆಯ ಗಂಡಸರದ್ದು.