ಹಿತ್ತಲಲ್ಲಿ ಕೈಗಿಂತ ಮೊದಲು ಕಣ್ಣು ಹೋಗಲಿ

ಮಲೆನಾಡಿನಲ್ಲಿ ತೋಟಕ್ಕೆ ಹೋಗುವಾಗ ಬೂಟು ಹಾಕುವವರೂ ಹಿತ್ತಲಿಗೆ ಬರಿಗಾಲಲ್ಲೇ ಇಳಿಯುತ್ತಾರೆ. ಮನೆ ಪಕ್ಕದ್ದೇ ಅಲ್ಲವೇ ಎಂಬ ಆ ಸಲುಗೆಯೇ ಅಪಾಯ. ವರ್ಷಗಳಿಂದ ಹಿತ್ತಲ ಕೆಲಸ ಮಾಡುತ್ತಾ ನಾನು ಪಾಲಿಸಿಕೊಂಡು ಬಂದ ಕೆಲವು ಪಾಠಗಳಿವು.

1. ದೋಟಿ ಎತ್ತುವ ಮೊದಲು ತಲೆ ಎತ್ತಿ ನೋಡಿ. ಅಲ್ಯೂಮಿನಿಯಂ ದೋಟಿ ಹಗುರ, ಉದ್ದ. ಹಾಗಾಗಿ ಅದು ಮನೆಮನೆಗೂ ಬಂದಿದೆ. ಕಾಯಿಯ ಮೇಲೆ ಕಣ್ಣು ನೆಟ್ಟವರಿಗೆ ಗರಿಗಳ ನಡುವಿನ ವಿದ್ಯುತ್ ತಂತಿ ಕಾಣುವುದಿಲ್ಲ. 11 ಸಾವಿರ ವೋಲ್ಟಿನ ತಂತಿಗೆ ದೋಟಿ ತಾಗಲೇಬೇಕೆಂದಿಲ್ಲ, ತೀರಾ ಹತ್ತಿರ ಹೋದರೂ ಸಾಕು. ಒದ್ದೆ ಬಿದಿರೂ ನಂಬಿಕೆಗೆ ಅರ್ಹವಲ್ಲ. ನಮ್ಮಲ್ಲಿ ತಂತಿ ಹತ್ತಿರದ ಮರಕ್ಕೆ ದೋಟಿ ಹಾಕುವುದೇ ಇಲ್ಲ. ಕಾಯಿ ತಾನಾಗಿ ಬಿದ್ದರೆ ಬೀಳಲಿ. ಗರಿ ತಂತಿಗೆ ತಾಗುತ್ತಿದ್ದರೆ 1912ಕ್ಕೆ ಕರೆ ಮಾಡಿ, ಲೈನ್‌ಮ್ಯಾನ್ ಬರುವವರೆಗೆ ಕಾಯಿರಿ. ಯಾರಿಗಾದರೂ ಶಾಕ್ ಹೊಡೆದಿದ್ದರೆ ವಿದ್ಯುತ್ ಕಡಿತವಾಗುವ ತನಕ ಮುಟ್ಟಬೇಡಿ. ಎಳೆಯಲು ಹೋದವರೂ ಜೀವ ಕಳೆದುಕೊಳ್ಳುತ್ತಾರೆ.

2. ಬಿದ್ದ ಗರಿ, ಸೌದೆ, ಹಂಚಿನ ರಾಶಿಗೆ ಬರಿಗೈ ಹಾಕಬಾರದು. ಉದ್ದನೆಯ ಕೊಕ್ಕೆಯಿಂದ ಗರಿಯ ಆಚೆ ಬದಿಯನ್ನು ಹಿಡಿದು ನಮ್ಮ ಕಡೆಗೆ ಎಬ್ಬಿಸಬೇಕು. ಅಡಿಯಲ್ಲಿ ಹಾವಿದ್ದರೆ ಅದಕ್ಕೆ ಆಚೆ ಹೋಗಲು ದಾರಿ ಸಿಗುತ್ತದೆ, ಗರಿಯೇ ನಮಗೆ ಅಡ್ಡವಾಗುತ್ತದೆ. ಕೊಳಕುಮಂಡಲ ತರಗೆಲೆಯ ಬಣ್ಣಕ್ಕೇ ಹೊಂದಿಕೊಂಡು ಅಲ್ಲಾಡದೆ ಮಲಗಿರುತ್ತದೆ. ಇಣುಕಿ ನೋಡಿದರೂ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ಟಾರ್ಚ್ ಇಲ್ಲದೆ ಬಚ್ಚಲ ಒಲೆಯ ಸೌದೆಗೂ ಹೋಗಬೇಡಿ. ಕಟ್ಟುಹಾವು ಕಚ್ಚಿದರೆ ನೋವೇ ಇಲ್ಲದಿರಬಹುದು, ಹಾಗೆಂದು ಬೆಳಗಿನವರೆಗೆ ಕಾಯುವಂತಿಲ್ಲ. ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ನಾಟಿ ಮದ್ದಿಗೆ ಅಲೆಯುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದಂತೆ ಇಟ್ಟು, 108ಕ್ಕೆ ಕರೆ ಮಾಡಿ, ಪ್ರತಿವಿಷ ಇರುವ ಆಸ್ಪತ್ರೆ ಸೇರಿ. ಅದು ಯಾವ ಆಸ್ಪತ್ರೆ ಎಂಬುದನ್ನು ಮಳೆಗಾಲಕ್ಕೆ ಮೊದಲೇ ವಿಚಾರಿಸಿ ಇಟ್ಟುಕೊಳ್ಳಿ.

3. ಬಾವಿಕಟ್ಟೆ, ಮೆಟ್ಟಿಲುಗಳ ಪಾಚಿಯನ್ನು ಮಳೆ ಬಿಡುವು ಕೊಟ್ಟಾಗಲೆಲ್ಲ ಉಜ್ಜಿ ತೆಗೆಯಿರಿ. ವಯಸ್ಸಾದವರ ಸೊಂಟದ ಮೂಳೆ ಮುರಿಯಲು ಒಂದು ಜಾರು ಸಾಕು.

4. ಕಳೆ ಕೊಚ್ಚುವ ಯಂತ್ರ ಕಲ್ಲಿನ ಚೂರನ್ನು ಗುಂಡಿನಂತೆ ಸಿಡಿಸುತ್ತದೆ. ಕನ್ನಡಕ, ಬೂಟು ಇಲ್ಲದೆ ಮುಟ್ಟಬೇಡಿ. ಮಕ್ಕಳು 50 ಅಡಿ ದೂರವಿರಲಿ.

5. ಅಂದದ ಗಿಡಗಳಲ್ಲೂ ವಿಷವಿದೆ. ಬೇಲಿಯಲ್ಲಿ ಹಬ್ಬುವ ಗೌರಿ ಹೂವಿನ ಗೆಡ್ಡೆಯನ್ನು ತಿನ್ನುವ ಗೆಡ್ಡೆಯೆಂದು ತಪ್ಪಾಗಿ ತಿಳಿಯುವುದುಂಟು. ಕಣಗಿಲೆಯ ಎಲ್ಲ ಭಾಗವೂ ವಿಷ, ಬೀಜವಂತೂ ಬೇಡವೇ ಬೇಡ. ಗಿಡ ಕೀಳಬೇಕಿಲ್ಲ, ಮಕ್ಕಳಿಗೆ ತೋರಿಸಿ ಹೇಳಿಕೊಡಿ.

6. ಕೊನೆಯದನ್ನು ಕೈಮುಗಿದು ಹೇಳುತ್ತೇನೆ. ಉಳಿದ ಕಳೆನಾಶಕವನ್ನು ತಂಪು ಪಾನೀಯದ ಬಾಟಲಿಗೆ ಸುರಿದಿಡಬೇಡಿ. ಡಬ್ಬಿಯ ಮೇಲಿನ ಕೆಂಪು ತ್ರಿಕೋನ ಅತಿ ಘೋರ ವಿಷದ ಗುರುತು, ಹಳದಿಯದ್ದು ಅದಕ್ಕೆ ತುಸು ಕಡಿಮೆ. ಬಾಟಲಿ ಬದಲಾದರೆ ಆ ಎಚ್ಚರಿಕೆಯೇ ಅಳಿಸಿಹೋಗುತ್ತದೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಒಂದು ಗುಟುಕು ಜೀವ ತೆಗೆಯಬಲ್ಲದು, ಅದಕ್ಕೆ ಪ್ರತ್ಯೌಷಧ ಇಲ್ಲ. ಹಿತ್ತಲಿನಷ್ಟು ಜಾಗಕ್ಕೆ ಕತ್ತಿ, ಗುದ್ದಲಿಯೇ ಸಾಕು. ಅಂಥ ಡಬ್ಬಿಯನ್ನು ಮನೆಗೇ ತರಬೇಡಿ.