ಮನೆಯ ಬಾಗಿಲು ತೆರೆದಿರಲಿ
ವೈದ್ಯನಾಥಪುರದ ತಾಯಿಗೆ,

ನಿಮ್ಮ ಮಗಳು ದಡ್ಡಿಯಲ್ಲ. ಅಪ್ಪ ತೀರಿಕೊಂಡ ವರ್ಷವೇ ಬೆಂಗಳೂರಿನ ಒಂದು ಸತ್ಸಂಗಕ್ಕೆ ಸೇರಿದಳು ಎಂದು ಬರೆದಿದ್ದೀರಿ. ಇಂಥ ಗುಂಪುಗಳು ಹೆಚ್ಚಾಗಿ ದುಃಖದಲ್ಲಿರುವವರನ್ನೇ ಹುಡುಕುತ್ತವೆ. ಮೊದಲು ಸಿಗುವುದು ಅಕ್ಕರೆ: ‘ಊಟ ಆಯ್ತಾ’ ಎಂದು ದಿನವೂ ವಿಚಾರಿಸುವ ಹತ್ತು ಜನ. ಆಮೇಲೆ ಶಿಬಿರ, ನಿದ್ದೆಗೆಟ್ಟ ಸೇವೆ, ಸಂಬಳದಲ್ಲಿ ಪಾಲು. ಸಂಶಯ ಬಂದರೆ ಅದೇ ಪಾಪ, ಕರೆಯುವ ಮನೆಯವರು ಮಾಯೆ. ಅಷ್ಟೊತ್ತಿಗೆ ಗೆಳತಿಯರು, ದುಡ್ಡು, ಕಳೆದ ವರ್ಷಗಳು ಎಲ್ಲವೂ ಒಳಗೇ ಇರುತ್ತವೆ, ಹೊರಬಂದರೆ ಹೋಗುವುದೆಲ್ಲಿಗೆ?

ಪೊಲೀಸರಿಂದ ಕರೆಸಬಹುದೇ ಎಂದು ಕೇಳಿದ್ದೀರಿ. ಒಂದು ಪ್ರಕರಣ ನೋಡಿ: ಬಿಡದಿ ಆಶ್ರಮದ ನಿತ್ಯಾನಂದ ನಡೆಸುತ್ತಿದ್ದ ವಿದ್ಯಾಸಂಸ್ಥೆಗೆ ಮಕ್ಕಳನ್ನು ಸೇರಿಸಿದ್ದ ತಂದೆಯೊಬ್ಬರು 2019ರಲ್ಲಿ ಗುಜರಾತ್ ಹೈಕೋರ್ಟಿಗೆ ಮಕ್ಕಳನ್ನು ಹಾಜರುಪಡಿಸಬೇಕೆಂದು ಕೋರಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ವಯಸ್ಕ ಹೆಣ್ಣುಮಕ್ಕಳಿಬ್ಬರು ವಿದೇಶದಿಂದ ವಿಡಿಯೊ ಮೂಲಕ, ನಾವು ಇಷ್ಟಪಟ್ಟೇ ಇದ್ದೇವೆ ಎಂದರು. 2024ರಲ್ಲಿ ಅರ್ಜಿ ಇತ್ಯರ್ಥವಾಯಿತು. ಹದಿನೆಂಟು ದಾಟಿದವರು ಎಲ್ಲಿರಬೇಕು ಎಂಬುದರಲ್ಲಿ ನ್ಯಾಯಾಲಯ ಅವರ ಮಾತನ್ನೇ ಕೇಳುತ್ತದೆ. ಕೂಡಿಹಾಕಿದ, ಹೊಡೆದ, ಬೆದರಿಸಿದ ಸುಳಿವಿದ್ದರೆ ಮಾತ್ರ ಒಂದು ದಿನವೂ ಕಾಯದೆ ದೂರು ಕೊಡಿ.

ಗುರುವನ್ನು ಬೈಯಬೇಡಿ ತಾಯಿ. ಬೈದರೆ, ಮನೆಯವರ ಬಗ್ಗೆ ಅಲ್ಲಿ ಹೇಳಿಕೊಟ್ಟದ್ದನ್ನು ನೀವೇ ನಿಜ ಮಾಡಿದಂತಾಗುತ್ತದೆ. ವಾರಕ್ಕೊಮ್ಮೆ ಫೋನ್ ಮಾಡಿ. ಶಿಂಷಾ ಹೊಳೆಗೆ ನೀರು ಬಂದಿದೆ, ಎಮ್ಮೆ ಕರು ಹಾಕಿದೆ ಎನ್ನಿ. ಕಾಣಿಕೆಗೆಂದು ಹಣ ಕೇಳಿದರೆ ಕೊಡಬೇಡಿ. ಊರಿಗೆ ಬರುವ ದಾರಿಖರ್ಚನ್ನು ಯಾವ ಹೊತ್ತಿನಲ್ಲಾದರೂ ಕಳಿಸುತ್ತೇನೆ, ಯಾಕೆ ಹೋದೆ ಎಂದು ಯಾರೂ ಕೇಳುವುದಿಲ್ಲ ಎಂದು ಹೇಳಿ.